ಕಾಲೇಜು ಪರೀಕ್ಷೆಗೆ ಓದುವುದು ಹೇಗೆ: ಕೋಲಾರ ಭಾಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಪರೀಕ್ಷೆಯ ವೇಳಾಪಟ್ಟಿ ಹೊರಬಿದ್ದ ವಾರದಲ್ಲಿ ವಿದ್ಯಾರ್ಥಿಗಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳು ಕಲಾ, ವಾಣಿಜ್ಯ ಮತ್ತು ವಿಜ್ಞಾನ ವಿಭಾಗದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಎಂಜಿನಿಯರಿಂಗ್ ಓದುವವರಿಗೆ ಬೇರೆಯಾಗಿ ಹೇಳಬೇಕಾದದ್ದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ಒಂದೇ ಪಾಠವನ್ನು ಮೂರು ಸಲ ಓದಿರುತ್ತೇನೆ. ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಏನೂ ಹೊಳೆಯುವುದಿಲ್ಲ. ಏಕೆ?

ಕಣ್ಣೆದುರಿಗಿರುವುದನ್ನು ನೋಡಿ ‘ಇದು ಗೊತ್ತು’ ಎಂದು ಗುರುತಿಸುವುದು ಒಂದು ಸಾಮರ್ಥ್ಯ. ಎದುರಿಗೆ ಏನೂ ಇಲ್ಲದಿದ್ದಾಗ ಅದನ್ನೇ ಮನಸ್ಸಿನಿಂದ ಹೊರತೆಗೆದು ಬರೆಯುವುದು ಬೇರೆಯೇ ಸಾಮರ್ಥ್ಯ. ಮುಳಬಾಗಿಲಿನಿಂದ ಕೋಲಾರಕ್ಕೆ ದಿನಾ ಬಸ್ಸಿನಲ್ಲಿ ಬರುವವರು ಕಿಟಕಿಯಲ್ಲಿ ಕಂಡ ಪ್ರತಿ ಊರನ್ನೂ ಗುರುತಿಸುತ್ತಾರೆ, ಆದರೆ ಕಣ್ಣು ಮುಚ್ಚಿ ನಿಲ್ದಾಣಗಳ ಹೆಸರನ್ನು ಒಂದಾದ ಮೇಲೊಂದರಂತೆ ಹೇಳಿ ಎಂದರೆ ನಾಲ್ಕನೆಯದಕ್ಕೇ ತಡವರಿಸುತ್ತಾರೆ. ಪುನಃ ಪುನಃ ಓದುವುದರಿಂದ ಬೆಳೆಯುವುದು ಮೊದಲನೆಯ ಸಾಮರ್ಥ್ಯ. ಪರೀಕ್ಷೆ ಕೇಳುವುದು ಎರಡನೆಯದನ್ನು.

ಇದು ಕೇವಲ ಮೇಷ್ಟ್ರುಗಳ ಅನುಭವದ ಮಾತಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟು, ಕೆಲವನ್ನು ಎರಡನೆಯ ಸಲ ಓದಲು ಹೇಳಿದರು. ಇನ್ನು ಕೆಲವನ್ನು ಒಮ್ಮೆ ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲುಗೈ ಪಡೆದಿತ್ತು: ಶೇ. 81ಕ್ಕೆ ಎದುರಾಗಿ ಶೇ. 75. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿತು. ಬರೆದು ನೋಡಿದ ಭಾಗಗಳಲ್ಲಿ ಶೇ. 56 ಉಳಿದಿತ್ತು, ಎರಡು ಸಲ ಓದಿದ ಭಾಗಗಳಲ್ಲಿ ಶೇ. 42 ಮಾತ್ರ. ಹಿಂದಿನ ರಾತ್ರಿ ಓದಿದ್ದು ‘ಚೆನ್ನಾಗಿ ಕೂತಿದೆ’ ಅನ್ನಿಸುವುದಕ್ಕೂ ಹತ್ತು ದಿನ ಮೊದಲು ಓದಿದ್ದು ಕೈಕೊಡುವುದಕ್ಕೂ ಕಾರಣ ಈ ಅಂಕಿಗಳಲ್ಲೇ ಇದೆ. ಓದಿದ ಕೂಡಲೇ ಬರುವ ಧೈರ್ಯವನ್ನು ನಂಬಬಾರದು.

ಹಾಗಾದರೆ ಪುಸ್ತಕ ಮುಚ್ಚಿ ಬರೆಯುವ ಕ್ರಮವೇನು?

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇತಿಹಾಸದ ವಿದ್ಯಾರ್ಥಿಗೆ ‘ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ’ ಎಂಬ ಭಾಗವಿದೆ ಎನ್ನಿ. ಮುದ್ದೇನಹಳ್ಳಿ ನಮ್ಮ ಪಕ್ಕದಲ್ಲೇ ಇರುವುದರಿಂದ ಇದು ಎಲ್ಲರಿಗೂ ಗೊತ್ತಿದೆ ಅನ್ನಿಸುವ ವಿಷಯ. ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿಗೆ ಬಂದದ್ದನ್ನು ಬಂದ ಕ್ರಮದಲ್ಲೇ ಬರೆಯಬೇಕು. ಸಾಮಾನ್ಯವಾಗಿ ಹಾಳೆಯ ಮೇಲೆ ಬೀಳುವುದು ಹೀಗಿರುತ್ತದೆ: 1912ರಿಂದ 1918ರವರೆಗೆ ದಿವಾನರು, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ದಿವಾನರಾದ ಮೇಲೆ ಕನ್ನಂಬಾಡಿ ಕಟ್ಟೆಯ ಕೆಲಸ ಶುರು ಮಾಡಿಸಿದರು.

ಈಗ ಪುಸ್ತಕ ತೆರೆದು, ಕೆಂಪು ಪೆನ್ನು ಹಿಡಿದು ಹೋಲಿಸಬೇಕು. 1915ರ ಕನ್ನಡ ಸಾಹಿತ್ಯ ಪರಿಷತ್ತು ಬಿಟ್ಟುಹೋಗಿದೆ. ಕನ್ನಂಬಾಡಿಯ ವಾಕ್ಯ ತಪ್ಪಾಗಿದೆ, ಏಕೆಂದರೆ ಕಟ್ಟೆಯ ಕೆಲಸ 1911ರಲ್ಲೇ, ಅವರಿನ್ನೂ ಮುಖ್ಯ ಎಂಜಿನಿಯರ್ ಆಗಿದ್ದಾಗಲೇ, ಪ್ರಾರಂಭವಾಗಿತ್ತು. ಬಿಟ್ಟುಹೋದದ್ದು ಒಂದು ಬಗೆಯ ಕೊರತೆ. ಗೊತ್ತಿದೆ ಎಂದುಕೊಂಡು ತಪ್ಪಾಗಿ ಹಿಡಿದದ್ದು ಇನ್ನೊಂದು, ಮತ್ತು ಹೆಚ್ಚು ಅಪಾಯದ್ದು. ಬರೀ ಓದುವಾಗ ಈ ಎರಡನೆಯದು ಎಂದೂ ಬೆಳಕಿಗೆ ಬರುವುದಿಲ್ಲ, ಕಣ್ಣು ಸರಿಯಾದ ವಾಕ್ಯದ ಮೇಲೆ ಹರಿದು ಹೋಗಿ ಮನಸ್ಸು ತನ್ನ ತಪ್ಪನ್ನೇ ಇಟ್ಟುಕೊಂಡಿರುತ್ತದೆ.

ಕೆಂಪು ಗುರುತು ಬಿದ್ದ ಸಾಲುಗಳನ್ನಷ್ಟೇ ಮತ್ತೆ ಓದಿ, ಎರಡು ದಿನ ಬಿಟ್ಟು ಅದೇ ಭಾಗವನ್ನು ಇನ್ನೊಂದು ಖಾಲಿ ಹಾಳೆಯಲ್ಲಿ ಬರೆಯಿರಿ. ಮೊದಲ ಸಲ ಹಾಳೆ ಅರ್ಧವೂ ತುಂಬದಿರುವುದು ಸಹಜ. ಅದಕ್ಕೆ ಬೇಸರಪಟ್ಟು ‘ನನಗೆ ಓದಿಯೇ ಅಭ್ಯಾಸ’ ಎಂದು ಹಳೆಯ ದಾರಿಗೆ ಮರಳುವವರೇ ಹೆಚ್ಚು.

ಹೈಲೈಟರ್‌ನಲ್ಲಿ ಗೆರೆ ಹಾಕಿಕೊಂಡು ಓದುವುದು ಉಪಯೋಗವೇ?

ಹೆಚ್ಚಿನ ಉಪಯೋಗವಿಲ್ಲ. ಓದುವ ವಿಧಾನಗಳನ್ನು ಕುರಿತು ಅದುವರೆಗೆ ನಡೆದಿದ್ದ ಸಂಶೋಧನೆಗಳನ್ನು ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪರಿಶೀಲಿಸಿದಾಗ ಗೆರೆ ಹಾಕುವುದು ಮತ್ತು ಮರು ಓದು ಎರಡನ್ನೂ ಕಡಿಮೆ ಪ್ರಯೋಜನದ ಗುಂಪಿಗೆ ಸೇರಿಸಿದರು; ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು, ಇವೆರಡೇ ಹೆಚ್ಚಿನ ಪ್ರಯೋಜನದವೆಂದು ಗುರುತಿಸಿದರು. ಗೆರೆ ಹಾಕಲೇಬೇಕೆಂದರೆ ಒಮ್ಮೆ ಬರೆದು ನೋಡಿದ ಮೇಲೆ, ಬಿಟ್ಟುಹೋದ ಸಾಲುಗಳಿಗೆ ಮಾತ್ರ ಹಾಕಿ.

ಪರೀಕ್ಷೆಗೆ ಎಷ್ಟು ದಿನ ಮೊದಲು ಓದಲು ಕೂರಬೇಕು?

‘ಎಷ್ಟು ದಿನ ಮೊದಲು’ ಎನ್ನುವುದಕ್ಕಿಂತ ‘ಒಂದೇ ವಿಷಯವನ್ನು ಎಷ್ಟು ಸಲ, ಎಷ್ಟು ಅಂತರದಲ್ಲಿ’ ಎಂದು ಕೇಳುವುದು ಸರಿಯಾದ ಪ್ರಶ್ನೆ. ಕಲಿತದ್ದು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ, ಆಮೇಲೆ ಮರೆವಿನ ವೇಗ ಕುಗ್ಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಅರ್ಧ ಮರೆತ ಹಂತದಲ್ಲಿ ಪ್ರಯಾಸಪಟ್ಟು ನೆನಪು ಮಾಡಿಕೊಂಡರೆ ಅದು ಮುಂದಿನ ಸಲ ಹೆಚ್ಚು ಕಾಲ ನಿಲ್ಲುತ್ತದೆ. ಆದ್ದರಿಂದ ಹತ್ತು ಗಂಟೆಯನ್ನು ಒಂದೇ ದಿನದಲ್ಲಿ ಸುರಿಯುವುದಕ್ಕಿಂತ ಎರಡೆರಡು ಗಂಟೆಯಂತೆ ಐದು ದಿನ, ಅದರಲ್ಲೂ ನಡುವೆ ಬಿಡುವು ಕೊಟ್ಟು, ಓದಿದವರ ಕೈಯಲ್ಲಿ ಪರೀಕ್ಷೆಯ ದಿನ ಉಳಿಯುವುದು ಹೆಚ್ಚು.

ಅಂತರಕ್ಕೆ ಒಂದು ಅಂದಾಜು ಇದೆ. ಪರೀಕ್ಷೆ ಒಂದು ವಾರದಲ್ಲಿದ್ದರೆ ಮೊದಲ ಓದಿಗೂ ಮತ್ತೆ ನೋಡದೆ ಬರೆದು ನೋಡುವುದಕ್ಕೂ ಒಂದು ದಿನದ ಅಂತರ ಸಾಕು. ತಿಂಗಳಿಗಿಂತ ದೂರವಿದ್ದರೆ ಒಂದು ವಾರದಿಂದ ಹತ್ತು ದಿನ ಬಿಡಬಹುದು. ಆರು ವಿಷಯಗಳಿರುವ ವಿದ್ಯಾರ್ಥಿ ಪರೀಕ್ಷೆಗೆ ಐದಾರು ವಾರ ಇರುವಾಗ ಶುರು ಮಾಡಿದರೆ ಪ್ರತಿ ಘಟಕವನ್ನೂ ಮೂರು ಸಲ ಮುಟ್ಟಲು ಸಾಧ್ಯ. ಇನ್ನೂ ಒಳ್ಳೆಯದು, ತರಗತಿಯಲ್ಲಿ ಪಾಠವಾದ ದಿನ ಸಂಜೆಯೇ ಹದಿನೈದು ನಿಮಿಷ ಕೂತು ಅದನ್ನು ಅರ್ಧ ಪುಟದಲ್ಲಿ ನೋಡದೆ ಬರೆದಿಡುವುದು. ಇದನ್ನು ಎಲ್ಲರೂ ಒಪ್ಪುತ್ತಾರೆ, ಮಾಡುವವರು ಬೆರಳೆಣಿಕೆಯಷ್ಟು.

ಮನೆಯಲ್ಲಿ ಕೆಲಸವಿರುತ್ತದೆ. ಓದಲು ಕೂರುವ ಹೊತ್ತಿಗೇ ಕರೆಯುತ್ತಾರೆ. ಸಮಯ ಹೊಂದಿಸುವುದು ಹೇಗೆ?

ಓದುವ ಬಗ್ಗೆ ಸಲಹೆ ಕೊಡುವ ಹೆಚ್ಚಿನ ಬರಹಗಳು ವಿದ್ಯಾರ್ಥಿಗೆ ಸ್ವಂತ ಕೋಣೆ, ಮೇಜು ಮತ್ತು ಬಿಡುವಿನ ಸಂಜೆ ಇವೆಯೆಂದು ಭಾವಿಸಿಕೊಂಡೇ ಹೊರಡುತ್ತವೆ. ನಮ್ಮ ಕಡೆಯ ಮನೆಗಳ ಸ್ಥಿತಿ ಬೇರೆ. ವರ್ಷದ ಕೊನೆಯ ಹೊತ್ತಿಗೆ ಬೆಸ ಸೆಮಿಸ್ಟರ್‌ನ ಪರೀಕ್ಷೆ ಹತ್ತಿರವಾಗುವಾಗ ರಾಗಿ ಕೊಯ್ಲು, ಒಕ್ಕಣೆ ನಡೆದಿರುತ್ತದೆ. ಸಮ ಸೆಮಿಸ್ಟರ್‌ನ ಪರೀಕ್ಷೆ ಬರುವ ಹೊತ್ತು ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ ಹಗಲು ರಾತ್ರಿ ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಯವರಾರೂ ಬೇರೆ ಕೆಲಸ ಮುಟ್ಟುವಂತಿಲ್ಲ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಕೆಲಸ ಎಲ್ಲ ದಿನವೂ ಇದ್ದದ್ದೇ.

ಈ ಕೆಲಸಗಳಲ್ಲಿ ಒಂದು ಅನುಕೂಲವಿದೆ: ಇವುಗಳ ಹೊತ್ತು ಮುಂಚೆಯೇ ಗೊತ್ತಿರುತ್ತದೆ. ಹುಳು ಯಾವ ವಾರ ಹಣ್ಣಾಗುತ್ತದೆ, ಯಾವ ತೋಟ ಯಾವಾಗ ಕೀಳಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿರುವಾಗ, ಓದಿನ ಪಟ್ಟಿಯನ್ನು ಅದರ ಪಕ್ಕದಲ್ಲೇ ಇಟ್ಟು ಬರೆಯಬೇಕು. ಆ ವಾರಕ್ಕೆ ಹೊಸ ಪಾಠ ಇಟ್ಟುಕೊಳ್ಳದೆ ಹಳೆಯ ಪಾಠದ ಪ್ರಶ್ನೋತ್ತರ ಚೀಟಿಗಳನ್ನು (ಮುಂದಿನ ಉತ್ತರದಲ್ಲಿ ಹೇಳಿದ್ದೇನೆ) ಮಾತ್ರ ಇಟ್ಟುಕೊಳ್ಳಿ. ಕೆಲಸ ಕಡಿಮೆಯಿರುವ ವಾರದಲ್ಲಿ ಕಷ್ಟದ ವಿಷಯವನ್ನು ಮುಂಚಿತವಾಗಿ ಎಳೆದುಕೊಳ್ಳಿ. ವೇಳಾಪಟ್ಟಿಯನ್ನು ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿ, ಯಾವ ದಿನ ಯಾವ ಪತ್ರಿಕೆ ಎಂಬುದನ್ನು ಅಪ್ಪ ಅಮ್ಮನಿಗೆ ಓದಿ ಹೇಳಿ. ಹಿಂದಿನ ದಿನ ಸಂಜೆ ‘ನಾಳೆ ಪರೀಕ್ಷೆ’ ಎಂದು ಹೇಳುವವರಿಗೆ ಸಿಗದ ವಿನಾಯಿತಿ ಎರಡು ವಾರ ಮೊದಲೇ ಹೇಳಿದವರಿಗೆ ಸಿಗುವುದನ್ನು ಕಂಡಿದ್ದೇನೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದೂ ಸಾಲದೆ ಹೋಗುತ್ತದೆ. ಅಂಥ ಮನೆಗಳಿಗೆ ತರಗತಿಯ ಮೇಷ್ಟ್ರೋ ಮೇಡಮ್ಮೋ ಒಂದು ಫೋನ್ ಮಾಡಿದರೆ ಮಾತಿಗೆ ತೂಕ ಬರುತ್ತದೆ. ಕೇಳಲು ಸಂಕೋಚಪಡಬೇಡಿ.

ಮನೆಯಲ್ಲಿ ಕೂರಲು ಜಾಗವೇ ಇಲ್ಲದಿದ್ದರೆ ಕಾಲೇಜಿನ ಗ್ರಂಥಾಲಯ, ಜಿಲ್ಲಾ ಕೇಂದ್ರ ಗ್ರಂಥಾಲಯ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇವುಗಳಲ್ಲಿ ಹತ್ತಿರವಿರುವುದನ್ನು ನೋಡಿ. ತರಗತಿ ಮುಗಿದ ಮೇಲೆ ಬಸ್ಸು ಹಿಡಿಯುವ ಮೊದಲಿನ ಒಂದು ಗಂಟೆ ಕಾಲೇಜಿನಲ್ಲೇ ಕೂತು ಓದುವುದು ಮನೆಗೆ ಹೋದ ಮೇಲಿನ ಮೂರು ಗಂಟೆಗೆ ಸಮ.

ಬಸ್ಸಿನಲ್ಲಿ, ರೈಲಿನಲ್ಲಿ ಓದಬಹುದೇ?

ದಪ್ಪ ಪುಸ್ತಕ ಬಿಚ್ಚಿ ಓದುವುದು ಬೇಡ, ತಲೆನೋವು ಬರುತ್ತದೆ. ಅಂಗೈ ಅಗಲದ ಚೀಟಿಗಳ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಬರೆದಿಟ್ಟುಕೊಂಡು, ಉತ್ತರವನ್ನು ಮನಸ್ಸಿನಲ್ಲೇ ಪೂರ್ತಿ ಹೇಳಿಕೊಂಡ ಮೇಲೆ ಮಾತ್ರ ತಿರುಗಿಸಿ ನೋಡಿ. ಬಂದವನ್ನು ಒಂದು ಕಡೆ, ಬಾರದವನ್ನು ಇನ್ನೊಂದು ಕಡೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ ನಾಳೆಯ ಪ್ರಯಾಣಕ್ಕೆ ಯಾವುದನ್ನು ಹಿಡಿಯಬೇಕೆಂದು ತಾನೇ ಗೊತ್ತಾಗುತ್ತದೆ. ಬಂಗಾರಪೇಟೆಯಿಂದಲೋ ಚಿಕ್ಕಬಳ್ಳಾಪುರದಿಂದಲೋ ಬೆಂಗಳೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿ ಬರುವವರಿಗೆ ಇದೇ ದಿನದ ಮುಖ್ಯ ಓದಾಗಬಹುದು.

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಎಲ್ಲವೂ ಇಂಗ್ಲಿಷ್. ಅರ್ಥವಾಗದೆ ಕಂಠಪಾಠ ಮಾಡುತ್ತಿದ್ದೇನೆ. ಏನು ಮಾಡಲಿ?

ಈ ಭಾಗದಲ್ಲಿ ಅತಿ ಹೆಚ್ಚು ಮಂದಿ, ಅತಿ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. ಮೊದಲಿಗೆ, ನಿಮ್ಮ ಕೋರ್ಸಿನಲ್ಲಿ ಕನ್ನಡದಲ್ಲಿ ಉತ್ತರಿಸುವ ಅವಕಾಶವಿದೆಯೇ ಎಂಬುದನ್ನು ವಿಭಾಗದಲ್ಲಿ ವಿಚಾರಿಸಿ. ಅವಕಾಶವಿದ್ದರೂ ಇಲ್ಲವೆಂದುಕೊಂಡು ಇಂಗ್ಲಿಷ್‌ನಲ್ಲಿ ತಡಕಾಡುವವರು ಕಲಾ ವಿಭಾಗದಲ್ಲಿ ಇದ್ದಾರೆ.

ಇಂಗ್ಲಿಷ್‌ನಲ್ಲೇ ಬರೆಯಬೇಕಾದರೆ ಕೆಲಸವನ್ನು ಎರಡಾಗಿ ಒಡೆಯಬೇಕು. ಅರ್ಥ ಮಾಡಿಕೊಳ್ಳುವುದು ನಿಮಗೆ ಸಲೀಸಾದ ಭಾಷೆಯಲ್ಲಿ ನಡೆಯಲಿ. ಕನ್ನಡವಾದರೆ ಕನ್ನಡ, ಮನೆಮಾತು ತೆಲುಗೋ ಉರ್ದುವೋ ಆಗಿದ್ದರೆ ಅದೇ ಆಗಲಿ, ಗಡಿಯ ತಾಲ್ಲೂಕುಗಳಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ಪಾಠವನ್ನು ಪಕ್ಕದಲ್ಲಿರುವವರಿಗೆ ಆಡುಮಾತಿನಲ್ಲಿ ವಿವರಿಸಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ. ಆಮೇಲೆ ಬರುವುದು ಬರೆಯುವ ಕೆಲಸ. ಇದಕ್ಕೆ ಒಂದು ನೋಟ್‌ಬುಕ್ಕನ್ನು ನಡುವೆ ಗೆರೆ ಎಳೆದು ಇಟ್ಟುಕೊಳ್ಳಿ: ಎಡಗಡೆ ಪಾರಿಭಾಷಿಕ ಪದ ಮತ್ತು ಅದರ ಇಂಗ್ಲಿಷ್ ವ್ಯಾಖ್ಯೆ, ಬಲಗಡೆ ನಿಮ್ಮದೇ ಮಾತಿನಲ್ಲಿ ಅದರ ಅರ್ಥ. ಬಲಗಡೆಯನ್ನು ನೋಡಿಕೊಂಡು ಎಡಗಡೆಯದನ್ನು ಬರೆಯುವ ಅಭ್ಯಾಸ ಮಾಡಿ. ಎಡಗಡೆಯದನ್ನು ನೋಡಿ ಅರ್ಥ ಹೇಳುವುದು ಸುಲಭ, ಪರೀಕ್ಷೆಯಲ್ಲಿ ಬೇಕಾಗುವುದು ಅದಲ್ಲ.

ವಾಕ್ಯಗಳು ಚಿಕ್ಕವಾಗಿರಲಿ. ಐದು ಅಂಕದ ಉತ್ತರಕ್ಕೆ ಎಂಟು ಹತ್ತು ಸರಳ ವಾಕ್ಯಗಳು ಧಾರಾಳವಾಗಿ ಸಾಕಾಗುತ್ತವೆ. ಗೈಡಿನ ಉದ್ದುದ್ದ ವಾಕ್ಯಗಳನ್ನು ಉರುಹೊಡೆದವರು ನಡುವೆ ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತಾರೆ. ಅಂಥ ಅರ್ಧ ವಾಕ್ಯಗಳು ಮೌಲ್ಯಮಾಪಕರ ಕಣ್ಣಿಗೆ ತಕ್ಷಣ ಬೀಳುತ್ತವೆ. ಮೊದಲ ಸೆಮಿಸ್ಟರ್ ಪೂರ್ತಿ ಕಷ್ಟವಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೂರನೆಯ ಸೆಮಿಸ್ಟರ್ ಹೊತ್ತಿಗೆ ಪದಗಳು ಮರುಕಳಿಸಲು ಶುರುವಾಗಿ, ಭಾರ ಇಳಿಯುತ್ತದೆ.

ಕಂಠಪಾಠವನ್ನೇ ಬಿಡಬೇಕೇ?

ಬಿಡಬೇಕಾಗಿಲ್ಲ. ಸೂತ್ರ, ಇಸವಿ, ವ್ಯಾಖ್ಯೆ, ಕಾಯಿದೆಯ ಕಲಮು ಇವನ್ನು ಬಾಯಿಪಾಠ ಮಾಡದೆ ದಾರಿಯಿಲ್ಲ. ಆದರೆ ಪ್ರತಿ ಸಂಗತಿಗೂ ಒಂದು ‘ಏಕೆ?’ ಅಂಟಿಸಿದರೆ ಅದು ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು, ಬೆಂಗಳೂರು ನಗರಕ್ಕೆ ದೀಪ ಬಂದದ್ದು 1905ರಲ್ಲಿ. ಇದನ್ನು ಎರಡು ಇಸವಿಗಳಾಗಿ ಉರುಹೊಡೆದರೆ ತಿಂಗಳಲ್ಲಿ ಅದಲುಬದಲಾಗುತ್ತವೆ. ರಾಜ್ಯದ ದೊಡ್ಡ ನಗರವನ್ನು ಬಿಟ್ಟು ಗಣಿಗೆ ಮೊದಲು ಕೊಟ್ಟದ್ದೇಕೆ ಎಂದು ಕೇಳಿಕೊಂಡವರಿಗೆ, ಆಳದ ಗಣಿಯಿಂದ ಅದಿರು ಮೇಲೆತ್ತಲು, ಅದನ್ನು ಪುಡಿಮಾಡಲು ಅಪಾರ ಶಕ್ತಿ ಬೇಕಿತ್ತು ಮತ್ತು ಹಣ ಕೊಟ್ಟು ಕೊಳ್ಳುವ ಗಿರಾಕಿ ಅಲ್ಲಿದ್ದ ಎಂಬ ಉತ್ತರ ಸಿಗುತ್ತದೆ. ಆ ಮೇಲೆ ಯಾವುದು ಮೊದಲು ಎಂಬ ಗೊಂದಲ ಬರುವುದೇ ಇಲ್ಲ.

ಲೆಕ್ಕದ ವಿಷಯಗಳನ್ನು ಹೇಗೆ ಓದಬೇಕು?

ಬಗೆಹರಿಸಿದ ಲೆಕ್ಕವನ್ನು ಕಣ್ಣಿನಲ್ಲಿ ಓದುವುದು ಓದಲ್ಲ. ಅಕೌಂಟ್ಸ್, ಗಣಿತ, ಭೌತವಿಜ್ಞಾನ ಮೂರಕ್ಕೂ ಈ ಮಾತು ಸಲ್ಲುತ್ತದೆ. ಉತ್ತರವನ್ನು ಹಾಳೆಯಿಂದ ಮುಚ್ಚಿ, ಮೊದಲಿನಿಂದ ಕೊನೆಯವರೆಗೆ ಸ್ವತಃ ಮಾಡಿ, ಸಿಕ್ಕಿಕೊಂಡ ಕಡೆ ಒಂದು ಸಾಲು ಮಾತ್ರ ಸರಿಸಿ ನೋಡಿ, ಮತ್ತೆ ಮುಚ್ಚಬೇಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಸವಕಳಿಯ ಲೆಕ್ಕಗಳನ್ನೇ ನೋಡಿ. 1,00,000 ರೂಪಾಯಿಗೆ ಕೊಂಡ ಯಂತ್ರಕ್ಕೆ ಶೇ. 10ರ ಸವಕಳಿ ಎಂದಾಗ, ಸ್ಟ್ರೈಟ್ ಲೈನ್ ವಿಧಾನದಲ್ಲಿ ವರ್ಷಕ್ಕೆ 10,000ದಂತೆ ಕಳೆದು ಮೂರು ವರ್ಷದ ಕೊನೆಗೆ 70,000 ಉಳಿಯುತ್ತದೆ. ಡಿಮಿನಿಷಿಂಗ್ ಬ್ಯಾಲೆನ್ಸ್ ವಿಧಾನದಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 10ರಂತೆ 10,000, 9,000, 8,100 ಎಂದು ಕಳೆದು 72,900 ಉಳಿಯುತ್ತದೆ. ಆ ಯಂತ್ರವನ್ನು 75,000ಕ್ಕೆ ಮಾರಿದರೆ ಲಾಭ ಮೊದಲನೆಯದರಲ್ಲಿ 5,000, ಎರಡನೆಯದರಲ್ಲಿ 2,100. ವಿದ್ಯಾರ್ಥಿಗಳು ಸೋಮವಾರ ಮೊದಲ ವಿಧಾನದ ಹತ್ತು ಲೆಕ್ಕ, ಮಂಗಳವಾರ ಎರಡನೆಯ ವಿಧಾನದ ಹತ್ತು ಲೆಕ್ಕ ಮಾಡಿ ಎರಡೂ ಬಂದವೆಂದು ಎದ್ದುಬಿಡುತ್ತಾರೆ. ಆದರೆ ಹಾಗೆ ಮಾಡುವಾಗ ಯಾವ ವಿಧಾನ ಬಳಸಬೇಕೆಂದು ಪ್ರಶ್ನೆಯನ್ನು ಓದಿ ನಿರ್ಧರಿಸುವ ಕೆಲಸ ಒಮ್ಮೆಯೂ ನಡೆದಿರುವುದಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯ ತಲೆಯ ಮೇಲೆ ಅಧ್ಯಾಯದ ಹೆಸರು ಬರೆದಿರುವುದಿಲ್ಲ. ಆದ್ದರಿಂದ ಪ್ರತಿ ವಿಧಾನವನ್ನು ಎರಡು ಮೂರು ಲೆಕ್ಕಗಳಲ್ಲಿ ಕಲಿತ ಕೂಡಲೇ ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಕಲೆಸಿ ಮಾಡಬೇಕು. ತಪ್ಪುಗಳು ಹೆಚ್ಚಾಗುತ್ತವೆ, ನಿಧಾನವಾಗುತ್ತದೆ. ಆದರೂ ಕಲೆಸಿಯೇ ಮಾಡಿ.

ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ಜೆರಾಕ್ಸ್ ಅಂಗಡಿಯ ‘ಇಂಪಾರ್ಟೆಂಟ್ ಪ್ರಶ್ನೆ’ಗಳನ್ನು ನಂಬಬಹುದೇ?

ಹಳೆಯ ಪ್ರಶ್ನೆಪತ್ರಿಕೆ ಅತ್ಯುತ್ತಮ ಸಾಧನ, ಆದರೆ ಅದು ಯಾವ ಪಠ್ಯಕ್ರಮದ್ದೆಂದು ಮೊದಲು ನೋಡಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳು ಈಗ ಸೇರಿರುವ, ಟಮಕದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಕೆಲಸ ಪ್ರಾರಂಭಿಸಿದ್ದು 2017ರಲ್ಲಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ ಜಾರಿಗೆ ಬಂತು. ಹೀಗಾಗಿ ಸೀನಿಯರ್‌ಗಳು ಕೊಟ್ಟ ಕಟ್ಟಿನಲ್ಲಿ ಮೂರು ಬಗೆಯ ಪತ್ರಿಕೆಗಳು ಬೆರೆತಿರಬಹುದು. ಒಟ್ಟು ಅಂಕ, ಅವಧಿ, ಘಟಕಗಳ ಹಂಚಿಕೆ ನಿಮ್ಮ ಪಠ್ಯಕ್ರಮದ ಪ್ರತಿಗೆ ಹೊಂದುವುದಾದರೆ ಮಾತ್ರ ಅದನ್ನು ಮಾದರಿಯೆಂದು ಹಿಡಿಯಿರಿ. ಹೊಂದದಿದ್ದರೆ ಬಿಡಿ ಪ್ರಶ್ನೆಗಳನ್ನು ಅಭ್ಯಾಸಕ್ಕೆ ಬಳಸಿ. ಕನಿಷ್ಠ ಎರಡು ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆದು ನೋಡಿ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಐದು ಮಾಡ್ಯೂಲ್‌ಗಳಿದ್ದು, ಪ್ರತಿ ಮಾಡ್ಯೂಲ್‌ನಿಂದ ಬರುವ ಎರಡು ಪೂರ್ಣ ಪ್ರಶ್ನೆಗಳಲ್ಲಿ ಒಂದನ್ನು ಉತ್ತರಿಸಬೇಕಾಗುತ್ತದೆ. ಆಯ್ಕೆ ಮಾಡ್ಯೂಲಿನ ಒಳಗೇ ಇರುವುದರಿಂದ ಒಂದು ಮಾಡ್ಯೂಲನ್ನು ಪೂರ್ತಿ ಕೈಬಿಟ್ಟರೆ ಐದರಲ್ಲಿ ಒಂದು ಪಾಲು ಅಂಕ ಹೋದಂತೆಯೇ.

‘ಇಂಪಾರ್ಟೆಂಟ್’ ಪಟ್ಟಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತವಾಗಿದೆ: ಬೇರೆಯವರು ತಯಾರಿಸಿದ ಪಟ್ಟಿಗಿಂತ ಐದು ವರ್ಷದ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ನೀವೇ ತಯಾರಿಸಿದ ಪಟ್ಟಿ ಮೇಲು. ಅದನ್ನು ತಯಾರಿಸುವಷ್ಟರಲ್ಲೇ ಪಠ್ಯದ ಒಂದು ಸುತ್ತು ಮುಗಿದಿರುತ್ತದೆ.

ರಾತ್ರಿ ಎಚ್ಚರವಿದ್ದು ಓದುವುದು ಒಳ್ಳೆಯದೋ, ಬೆಳಗಿನ ಜಾವ ಎದ್ದು ಓದುವುದೋ?

ಯಾವುದಾದರೂ ಆಗಬಹುದು, ನಿದ್ದೆ ಕಡಿಮೆಯಾಗಬಾರದು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಇಡೀ ರಾತ್ರಿ ಎಚ್ಚರವಿದ್ದವರು ಮರುದಿನ ಲೆಕ್ಕದಲ್ಲಿ ಸಣ್ಣ ತಪ್ಪುಗಳನ್ನು ಮಾಡುತ್ತಾರೆ, ಪ್ರಶ್ನೆಯನ್ನು ತಪ್ಪಾಗಿ ಓದುತ್ತಾರೆ. ಕಾಫಿಯಲ್ಲಿರುವ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ ರಾತ್ರಿ ಹತ್ತಕ್ಕೆ ಕುಡಿದದ್ದು ಮೂರು ಗಂಟೆಗೂ ಮೈಯಲ್ಲಿ ಅರ್ಧ ಉಳಿದಿರುತ್ತದೆ. ಬೆಳಗಿನ ಜಾವ ಮನೆ ನಿಶ್ಶಬ್ದವಾಗಿರುತ್ತದೆಂಬ ಕಾರಣಕ್ಕೆ ಏಳುವುದು ಒಳ್ಳೆಯದೇ, ಹಿಂದಿನ ರಾತ್ರಿ ಬೇಗ ಮಲಗಿದ್ದರೆ.

ಮೊಬೈಲ್ ಬಿಟ್ಟು ಕೂರಲು ಆಗುವುದಿಲ್ಲ.

ಪಾಠದ ವಿಡಿಯೊ, ಕ್ಲಾಸ್ ಗ್ರೂಪಿನ ನೋಟ್ಸ್ ಎಲ್ಲವೂ ಅದರಲ್ಲೇ ಇರುವಾಗ ಪೂರ್ತಿ ಬಿಡಿ ಎನ್ನುವುದು ಆಗದ ಮಾತು. ಬೇಕಾದ ನೋಟ್ಸನ್ನು ಒಮ್ಮೆಗೇ ಬರೆದುಕೊಂಡು ಅಥವಾ ಪ್ರಿಂಟ್ ತೆಗೆಸಿಕೊಂಡು, ಫೋನನ್ನು ಬೇರೆ ಕೋಣೆಯಲ್ಲಿಡಿ; ಮನೆಯಲ್ಲಿ ಒಂದೇ ಕೋಣೆಯಿದ್ದರೆ ಅಮ್ಮನ ಕೈಗೆ ಕೊಡಿ. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮ ಮೊದಮೊದಲು ಸಹಾಯ ಮಾಡುತ್ತದೆ. ಆ ಐದು ನಿಮಿಷದಲ್ಲಿ ರೀಲ್ಸ್ ತೆರೆದರೆ ಅದು ಐದಕ್ಕೆ ನಿಲ್ಲುವುದಿಲ್ಲ, ಎದ್ದು ನೀರು ಕುಡಿದು ಬನ್ನಿ.

ಗೆಳೆಯರ ಜೊತೆ ಕೂತು ಓದುವುದರಿಂದ ಲಾಭವಿದೆಯೇ?

ಮೂರು ನಾಲ್ಕು ಜನ ಇದ್ದು, ಪ್ರತಿಯೊಬ್ಬರೂ ಒಂದೊಂದು ಘಟಕವನ್ನು ಪುಸ್ತಕ ನೋಡದೆ ಉಳಿದವರಿಗೆ ವಿವರಿಸಿ, ಉಳಿದವರು ನಡುನಡುವೆ ‘ಯಾಕೆ?’ ಎಂದು ಕೇಳುವುದಾದರೆ ಬಹಳ ಲಾಭವಿದೆ. ಹಾಸ್ಟೆಲ್‌ನಲ್ಲಿರುವವರಿಗೆ ಇದು ಸುಲಭ. ಒಬ್ಬರು ಓದಿ ಉಳಿದವರು ಕೇಳಿಸಿಕೊಳ್ಳುವುದಾದರೆ ಓದಿದವರಿಗೆ ಅಲ್ಪ ಲಾಭ, ಕೇಳಿದವರಿಗೆ ನಿದ್ದೆ.

ಇಂಟರ್ನಲ್ಸ್‌ಗೆ ಎಷ್ಟು ಮಹತ್ವ ಕೊಡಬೇಕು?

ಹೆಚ್ಚಿನವರು ಕೊಡುವುದಕ್ಕಿಂತ ಬಹಳ ಹೆಚ್ಚು. ವಿಟಿಯುದ 2022ರ ಸ್ಕೀಮಿನಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50 ಅಂಕ, ಅದರಲ್ಲಿ ಕನಿಷ್ಠ 20 ಬೇಕು. ಸೆಮಿಸ್ಟರ್ ಪರೀಕ್ಷೆಯ 50ಕ್ಕೆ ಕನಿಷ್ಠ 18, ಎರಡೂ ಸೇರಿ 40 ಬೇಕು. ಆಂತರಿಕದಲ್ಲಿ 40 ಇಟ್ಟುಕೊಂಡವರು ಸೆಮಿಸ್ಟರ್ ಪರೀಕ್ಷೆಗೆ ಕೂರುವ ಧೈರ್ಯವೇ ಬೇರೆ. ಪದವಿ ಕೋರ್ಸುಗಳಲ್ಲಿ ಹಂಚಿಕೆ ಬೇರೆಯಿದ್ದರೂ ತರ್ಕ ಒಂದೇ. ತಿದ್ದಿ ಕೊಟ್ಟ ಬ್ಲೂ ಬುಕ್ಕನ್ನು (ಇಂಟರ್ನಲ್ಸ್ ಬರೆದ ಉತ್ತರಪುಸ್ತಕವನ್ನು) ಅಂಕ ನೋಡಿ ಮಡಚಿಡದೆ, ಎಲ್ಲಿ ಅಂಕ ಹೋಯಿತೆಂದು ಮೇಷ್ಟ್ರ ಹತ್ತಿರವೇ ಕೇಳಿ.

ಉತ್ತರಪತ್ರಿಕೆ ಬರೆಯುವಾಗ ಏನನ್ನು ಗಮನಿಸಬೇಕು?

ಸಮಯದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಮೂರು ಗಂಟೆಗೆ 80 ಅಂಕದ ಪತ್ರಿಕೆಯಿದ್ದರೆ ಅಂಕಕ್ಕೆ ಎರಡು ನಿಮಿಷದಂತೆ 160 ನಿಮಿಷ, ಓದಲು ಮತ್ತು ಕೊನೆಗೆ ತಿರುವಿ ನೋಡಲು 20 ನಿಮಿಷ. ಹತ್ತು ಅಂಕದ ಉತ್ತರಕ್ಕೆ ಇಪ್ಪತ್ತು ನಿಮಿಷ ದಾಟಿದರೆ ಮುಂದಿನದಕ್ಕೆ ಹೋಗಿ, ಜಾಗ ಬಿಟ್ಟಿರಿ. ಚೆನ್ನಾಗಿ ಬರುವ ಒಂದು ಪ್ರಶ್ನೆಗೆ ಆರು ಪುಟ ತುಂಬಿಸಿ, ಕೊನೆಯ ಎರಡು ಪ್ರಶ್ನೆ ಮುಟ್ಟದೆ ಬಿಟ್ಟ ಪತ್ರಿಕೆಗಳು ಪ್ರತಿ ಕಟ್ಟಿನಲ್ಲೂ ಸಿಗುತ್ತವೆ. ಹತ್ತು ಅಂಕದ ಪ್ರಶ್ನೆಗೆ ಎಷ್ಟು ಬರೆದರೂ ಹತ್ತಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ.

ಪ್ರಶ್ನೆಸಂಖ್ಯೆಯನ್ನು ಅಂಚಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ವ್ಯಾಖ್ಯೆಯಿಂದ ಶುರು ಮಾಡಿ, ಅಂಶಗಳಿಗೆ ಉಪಶೀರ್ಷಿಕೆ ಕೊಟ್ಟು ಅಡಿಗೆರೆ ಎಳೆಯಿರಿ. ‘ವಿವರಿಸಿ’, ‘ವಿಮರ್ಶಿಸಿ’, ‘ವ್ಯತ್ಯಾಸ ತಿಳಿಸಿ’ ಇವು ಮೂರು ಬೇರೆ ಬೇರೆ ಬೇಡಿಕೆಗಳು. ವ್ಯತ್ಯಾಸ ಕೇಳಿದಾಗ ಎರಡು ಅಂಕಣ ಮಾಡಿ ಎದುರುಬದುರು ಬರೆಯಿರಿ. ಲೆಕ್ಕದಲ್ಲಿ ಹಂತಗಳಿಗೆ ಅಂಕವಿರುವುದರಿಂದ ಉತ್ತರ ಬಾರದಿದ್ದರೂ ಮಾಡಿದಷ್ಟನ್ನು ಹೊಡೆದುಹಾಕಬೇಡಿ. ಅಕ್ಷರ ದುಂಡಾಗಿರಬೇಕೆಂದಿಲ್ಲ, ಓದುವಂತಿರಬೇಕು.

ಎರಡು ವಿಷಯ ಬ್ಯಾಕ್‌ಲಾಗ್ ಇವೆ. ಹೊಸ ಸೆಮಿಸ್ಟರ್ ಜೊತೆ ಹೇಗೆ ಓದಲಿ?

ಹಳೆಯ ವಿಷಯವನ್ನು ಪರೀಕ್ಷೆಯ ತಿಂಗಳಿಗೆ ತಳ್ಳಬೇಡಿ. ವಾರಕ್ಕೆ ಎರಡು ನಿಗದಿತ ಹೊತ್ತನ್ನು ಅದಕ್ಕೆಂದೇ ಮೀಸಲಿಡಿ, ಮತ್ತು ಮೊದಲನೆಯ ಹೊತ್ತಿನಲ್ಲಿ ಯಾವುದರಲ್ಲಿ ಹೋಯಿತೆಂದು ಪತ್ತೆ ಹಚ್ಚಿ: ವಿಷಯವೇ ತಿಳಿದಿರಲಿಲ್ಲವೋ, ತಿಳಿದದ್ದನ್ನು ಬರೆಯಲು ಸಮಯ ಸಾಲಲಿಲ್ಲವೋ. ಎರಡಕ್ಕೂ ಔಷಧ ಬೇರೆ. ವೇಳಾಪಟ್ಟಿಯಲ್ಲಿ ಹಳೆಯ ಮತ್ತು ಹೊಸ ಪತ್ರಿಕೆಗಳು ಒಂದೇ ದಿನ ಅಥವಾ ಬೆನ್ನುಬೆನ್ನಿಗೆ ಬರುವುದುಂಟು, ಪ್ರಕಟವಾದ ಕೂಡಲೇ ನೋಡಿಕೊಳ್ಳಿ.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಕೈ ನಡುಗುತ್ತದೆ, ಓದಿದ್ದೆಲ್ಲ ಮರೆತುಹೋಗುತ್ತದೆ. ಏನು ಮಾಡಬೇಕು?

ಭಯ ತಲೆಯಲ್ಲಿ ಜಾಗ ಹಿಡಿದುಕೊಳ್ಳುವುದರಿಂದ ಯೋಚನೆಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಪರೀಕ್ಷೆಗೆ ಹತ್ತು ನಿಮಿಷ ಮೊದಲು ಮನಸ್ಸಿನ ಆತಂಕವನ್ನು ಒಂದು ಹಾಳೆಯಲ್ಲಿ ಬರೆದುಹಾಕಿದ ವಿದ್ಯಾರ್ಥಿಗಳು ಚೆನ್ನಾಗಿ ಬರೆದರೆಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಖರ್ಚಿಲ್ಲದ ಉಪಾಯ, ಮಾಡಿ ನೋಡಬಹುದು. ಕೊಠಡಿಯ ಹೊರಗೆ ‘ಇದು ಓದಿದೆಯಾ, ಅದು ಓದಿದೆಯಾ’ ಎಂದು ಕೇಳುವವರಿಂದ ದೂರ ನಿಲ್ಲಿ. ಒಳಗೆ ಕೂತ ಮೇಲೆ ನಿಧಾನವಾಗಿ ಉಸಿರಾಡಿ, ಎರಡು ಅಂಕದ ಸುಲಭ ಪ್ರಶ್ನೆಯಿಂದ ಶುರು ಮಾಡಿದರೆ ಕೈ ಹಿಡಿತಕ್ಕೆ ಬರುತ್ತದೆ. ಮನೆಯಲ್ಲೇ ಗಡಿಯಾರವಿಟ್ಟು ಪೂರ್ತಿ ಪತ್ರಿಕೆ ಬರೆದವರಿಗೆ ಈ ನಡುಕ ಕಡಿಮೆ.

ಆತಂಕ ಪರೀಕ್ಷೆಯ ದಿನಕ್ಕಷ್ಟೇ ನಿಲ್ಲದೆ, ವಾರಗಟ್ಟಲೆ ನಿದ್ದೆ ಊಟ ಕೆಡಿಸಿದರೆ, ಬದುಕೇ ಬೇಡ ಅನ್ನಿಸಿದರೆ, ಅದು ಓದಿನ ವಿಧಾನದಿಂದ ಸರಿಹೋಗುವ ಸಂಗತಿಯಲ್ಲ. ಮನೆಯವರಿಗೋ ನಂಬಿಕೆಯ ಮೇಷ್ಟ್ರಿಗೋ ಹೇಳಿ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ಹಣವಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು.

ಬರೆದು ಬಂದ ಮೇಲೆ ಉತ್ತರಗಳನ್ನು ಹೊಂದಿಸಿ ನೋಡಬೇಕೇ?

ಎಲ್ಲ ಪತ್ರಿಕೆಗಳೂ ಮುಗಿಯುವವರೆಗೆ ಬೇಡ. ಆ ದಿನದ ಪ್ರಶ್ನೆಪತ್ರಿಕೆಯನ್ನು ಫೈಲಿನಲ್ಲಿಟ್ಟು ಮುಂದಿನ ವಿಷಯ ತೆಗೆಯಿರಿ. ಫಲಿತಾಂಶ ನಿರೀಕ್ಷೆಗಿಂತ ತೀರಾ ಕಡಿಮೆ ಬಂದರೆ, ನಿಮ್ಮ ವಿಶ್ವವಿದ್ಯಾಲಯ ಉತ್ತರಪತ್ರಿಕೆಯ ನಕಲು ಕೊಡುವುದಾದರೆ ಮೊದಲು ಅದಕ್ಕೆ ಅರ್ಜಿ ಹಾಕಿ, ವಿಷಯದ ಅಧ್ಯಾಪಕರಿಗೆ ತೋರಿಸಿ, ಅವರಿಗೂ ಅಂಕ ಕಡಿಮೆಯೆನಿಸಿದರೆ ಮಾತ್ರ ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿ. ಅರ್ಜಿಯ ಕೊನೆಯ ದಿನಾಂಕ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಇರುವುದರಿಂದ, ಫಲಿತಾಂಶದ ದಿನವೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ.